ಕಾಶಿಗೆ ಹೊರಟವನು ಕಡಲಿಗೆ

ನಮ್ಮ ಮದುವೆಮನೆಗಳಲ್ಲಿ ಕಾಶೀಯಾತ್ರೆಯ ಹೊತ್ತಿಗೆ ಬಂಧುಗಳಲ್ಲಿ ಬಹುಮಂದಿ ಉಪಾಹಾರದ ಪಂಕ್ತಿಯಲ್ಲಿರುತ್ತಾರೆ. ಉಳಿದವರು ಛಾಯಾಗ್ರಾಹಕನ ಹಿಂದೆ ನಿಂತು ನಗುತ್ತಿರುತ್ತಾರೆ. ಕಣ್ಣಿಗೆ ಕಾಡಿಗೆ ತೀಡಿಸಿಕೊಂಡು, ಪಂಚೆಯುಟ್ಟು, ಒಂದು ಕೈಯಲ್ಲಿ ಛತ್ರಿಯನ್ನೂ ಮತ್ತೊಂದರಲ್ಲಿ ಕೋಲನ್ನೂ ಹಿಡಿದು, ಕಂಕುಳಲ್ಲೊಂದು ಪುಸ್ತಕವನ್ನು ಸಿಕ್ಕಿಸಿಕೊಂಡು ಛತ್ರದ ಹೆಬ್ಬಾಗಿಲಿನತ್ತ ನಡೆಯುವ ವರನನ್ನು ಕನ್ಯೆಯ ತಂದೆಯೋ ಸೋದರನೋ ಅಡ್ಡಗಟ್ಟಿ, ಸಂನ್ಯಾಸದ ಹಂಬಲ ಬೇಡ, ನಮ್ಮ ಹುಡುಗಿಯನ್ನು ಕೊಡುತ್ತೇವೆ, ಗೃಹಸ್ಥನಾಗಿ ಬಾಳು ಎಂದು ಬೇಡಿಕೊಂಡು ಹಿಂದಕ್ಕೆ ಕರೆತರುವ ಈ ಕಿರುವಿಧಿ ಇಂದಿನವರ ಕಣ್ಣಿಗೆ ವಿನೋದದ ನಾಟಕದಂತೆ ಕಾಣುವುದು ಸಹಜವೇ. ಆದರೆ ಅದರೊಳಗೆ ಮನುಷ್ಯನ ಬಾಳಿನ ಒಂದು ಹೊಸ್ತಿಲಿನ ಕಥೆ ಅಡಗಿದೆ. ಗುರುಕುಲದಲ್ಲಿ ವಿದ್ಯೆ ಪೂರೈಸಿದ ಬ್ರಹ್ಮಚಾರಿಯು ಸಮಾವರ್ತನದ ಸ್ನಾನವನ್ನು ಮಾಡಿ ಸ್ನಾತಕನಾಗುತ್ತಾನೆ. ಸ್ನಾತಕನೆಂದರೆ ಮಿಂದವನೆಂದೇ ಅರ್ಥ. ಇಂದಿನ ವಿಶ್ವವಿದ್ಯಾಲಯಗಳು ಕೊಡುವ ಸ್ನಾತಕ ಪದವಿಯಲ್ಲಿ ಆ ನೀರಿನ ನೆನಪು ಅಕ್ಷರಮಾತ್ರವಾಗಿ ಉಳಿದಿದೆ. ಹಾಗೆ ಮಿಂದು ಬಂದವನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು ಕಾಶಿಗೆ, ವೈರಾಗ್ಯಕ್ಕೆ. ಇನ್ನೊಂದು ಮನೆಗೆ, ಒಲೆಗೆ, ಮಕ್ಕಳಿಗೆ. ಆತನು ಮೊದಲನೆಯ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು, ಪ್ರೀತಿಯ ಕೈಯೊಂದು ತಡೆದಾಗ ಎರಡನೆಯದಕ್ಕೆ ತಿರುಗುತ್ತಾನೆ. ಮರಳುವುದಕ್ಕಾಗಿಯೇ ಹೊರಡುವ ಯಾತ್ರೆ ಅದು.

ದಿಲ್ಲಿಯಂತಹ ನಗರಗಳಲ್ಲಿ ಈಗ ಮದುವೆಗೆ ಮುಂಚಿನ ಮತ್ತೊಂದು ಯಾತ್ರೆಯೂ ರೂಢಿಗೆ ಬಂದಿದೆ. ಬ್ಯಾಚುಲರ್ ಟ್ರಿಪ್ ಎಂದು ಅದಕ್ಕೆ ಹೆಸರು. ವರನಾಗಲಿರುವವನನ್ನು ಹಳೆಯ ಸ್ನೇಹಿತರು, ಬಹುಮಟ್ಟಿಗೆ ಅವನಿಗೇ ತಿಳಿಯದಂತೆ ಏರ್ಪಾಡು ಮಾಡಿ, ಒಂದು ಕಡಲತೀರಕ್ಕೆ ಹೊತ್ತೊಯ್ಯುತ್ತಾರೆ. 2001ರಲ್ಲಿ ತೆರೆಕಂಡ ‘ದಿಲ್ ಚಾಹ್ತಾ ಹೈ’ ಚಿತ್ರದ ಮೂವರು ಗೆಳೆಯರು ಗೋವೆಯ ಕೋಟೆಯ ಮೇಲೆ ಕುಳಿತು ಕಡಲನ್ನು ನೋಡಿದ ಅನಂತರ ಉತ್ತರ ಭಾರತದ ತರುಣರಿಗೆ ಸ್ನೇಹವೆಂದರೆ ಗೋವೆ, ಗೋವೆಯೆಂದರೆ ಸ್ನೇಹವೆಂಬಂತಾಯಿತು. 2011ರ ‘ಜಿಂದಗಿ ನ ಮಿಲೇಗಿ ದೊಬಾರಾ’ ನಿಶ್ಚಿತಾರ್ಥವಾದವನೊಬ್ಬನನ್ನು ಸ್ಪೇನಿಗೇ ಕೊಂಡೊಯ್ದು ಈ ಪದ್ಧತಿಗೊಂದು ಮಾದರಿಯನ್ನು ಒದಗಿಸಿತು. ಪಾಶ್ಚಾತ್ಯರಲ್ಲಿ ಇದರ ಹಿಂದಿರುವ ಕಲ್ಪನೆ, ಇದು ಸ್ವಾತಂತ್ರ್ಯದ ಕಡೆಯ ದಿನ, ನಾಳೆಯಿಂದ ಬಂಧನವೆಂಬುದು. ಈ ಕಲ್ಪನೆ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಯಾವ ಹುಡುಗಿಯ ಕೈ ಹಿಡಿಯಲು ಹೊರಟಿದ್ದೇವೆಯೋ ಅವಳನ್ನು ಸೆರೆಮನೆಯ ಕಾವಲುಗಾರ್ತಿಯೆಂದು ಭಾವಿಸಿ ಆಚರಿಸುವ ಉತ್ಸವದಲ್ಲಿ ಸ್ನೇಹಕ್ಕೂ ಗೌರವವಿಲ್ಲ, ದಾಂಪತ್ಯಕ್ಕೂ ಗೌರವವಿಲ್ಲ. ಹೀಗಿದ್ದೂ ಆ ಯಾತ್ರೆಯನ್ನು ನಾನು ತಳ್ಳಿಹಾಕಲಾರೆ. ಏಕೆಂದರೆ ಕಳೆದ ಮಾರ್ಗಶಿರದಲ್ಲಿ ನಮ್ಮ ಗೆಳೆಯನೊಬ್ಬನನ್ನು ಅಂತಹುದೇ ಯಾತ್ರೆಗೆ ಕರೆದೊಯ್ದವರಲ್ಲಿ ನಾನೂ ಒಬ್ಬನು.

ನಾವು ಐವರೂ ಲೋಧಿ ಕಾಲೋನಿಯಲ್ಲಿ ಬೆಳೆದವರು. ಹೊಸದಿಲ್ಲಿಯಲ್ಲಿ ಸರ್ಕಾರಿ ನೌಕರರ ವಾಸಕ್ಕೆಂದು ಆಂಗ್ಲರು ತಮ್ಮ ಆಳಿಕೆಯ ಕಡೆಗಾಲದಲ್ಲಿ, 1940ರ ದಶಕದಲ್ಲಿ, ಕಟ್ಟಿಸಿದ ಬಡಾವಣೆಯದು. ಎತ್ತರದ ಕಮಾನಿನ ದ್ವಾರಗಳು, ದ್ವಾರದೊಳಗೆ ನಾಲ್ಕು ಕಡೆಯಿಂದಲೂ ಮನೆಗಳು ಸುತ್ತುವರಿದ ಹುಲ್ಲಂಗಳ, ಅಂಗಳದಲ್ಲಿ ಬೇವು, ನೇರಳೆ, ಮಳೆಗಾಲದಲ್ಲಿ ನೇರಳೆಹಣ್ಣಿನ ಕಲೆ ಹತ್ತಿದ ನಮ್ಮ ಸಮವಸ್ತ್ರಗಳು. ಖನ್ನಾ ಮಾರ್ಕೆಟ್ಟಿಗೂ ಮೆಹರ್‌ಚಂದ್ ಮಾರ್ಕೆಟ್ಟಿಗೂ ನಡುವೆ ಹಬ್ಬಿರುವ ಆ ಗೋಡೆಗಳ ಮೇಲೆ ಕಳೆದೊಂದು ದಶಕದಿಂದ ದೇಶವಿದೇಶಗಳ ಕಲಾವಿದರು ಬೃಹದಾಕಾರದ ಚಿತ್ರಗಳನ್ನು ಬರೆಯುತ್ತ ಬಂದಿದ್ದಾರೆ. ಭಾರತದ ಮೊದಲ ಸಾರ್ವಜನಿಕ ಕಲಾಪ್ರಾಂತವೆಂದು ಈಗ ಅದಕ್ಕೆ ಖ್ಯಾತಿ. ನಮ್ಮ ಬಾಲ್ಯದಲ್ಲಿ ಅವು ಬರಿಯ ಗೋಡೆಗಳು. ಇಟ್ಟಿಗೆಯ ಚೂರಿನಿಂದ ನಾವು ಮೂರು ಗೆರೆ ಎಳೆದು ವಿಕೆಟ್ಟೆಂದು ಕರೆದ ಜಾಗದಲ್ಲಿ ಇಂದು ಮೂರಾಳೆತ್ತರದ ವರ್ಣಚಿತ್ರವಿದೆ. ಅದು ಸುಂದರವಾಗಿಯೇ ಇದೆ. ಆದರೂ ಅದರ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಬಣ್ಣದಡಿಯ ಆ ಮೂರು ಗೆರೆಗಳನ್ನು ಅರಸುತ್ತದೆ.

ಶಾಲೆಯೂ ನಡೆದು ಹೋಗುವಷ್ಟೇ ದೂರ, ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆ. ಹಿಂದಿಯಲ್ಲಿ ಆಡಿ, ಹಿಂದಿಯಲ್ಲಿ ಜಗಳವಾಡಿ, ಮನೆಯಲ್ಲಿ ಮಾತ್ರ ಕನ್ನಡ ಕೇಳುತ್ತಿದ್ದ ನಮ್ಮ ನಾಲಗೆಗೆ ‘ಳ’ಕಾರವೊಂದು ದೊಡ್ಡ ಪರ್ವತ. ಕನ್ನಡದ ಮೇಡಂ ಕರಿಹಲಗೆಯ ಮೇಲೆ ‘ಹುಲಿ’, ‘ಹುಳಿ’, ‘ಕಾಲು’, ‘ಕಾಳು’ ಎಂದು ಬರೆದು, ನಾಲಗೆಯ ತುದಿಯನ್ನು ಮೇಲಕ್ಕೆ ಮಡಿಸಿರೋ ಎಂದು ತಾವೇ ಬಾಯಿ ತೆರೆದು ತೋರಿಸುತ್ತಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಕಡೆಗೆ ಅದು ಸಿದ್ಧಿಸಿದ್ದು ಯಾರಿಗೋ ಅವನೇ ಈ ಲೇಖನದ ಮದುಮಗ.

ಸರ್ಕಾರಿ ವಸತಿಯ ಬಾಲ್ಯಕ್ಕೆ ಒಂದು ವಿಶೇಷ ದುಃಖವಿದೆ. ಅದನ್ನು ಅನುಭವಿಸದವರಿಗೆ ತಿಳಿಸಿ ಹೇಳುವುದು ಕಷ್ಟ. ಮನೆ ನಮ್ಮದಲ್ಲ. ತಂದೆಗೆ ವರ್ಗವಾದರೆ, ನಿವೃತ್ತಿಯಾದರೆ, ಕೆಲವು ತಿಂಗಳ ಗಡುವಿನೊಳಗೆ ಕೀಲಿಯನ್ನು ಒಪ್ಪಿಸಿ ಹೊರಡಬೇಕು. ಮರುವಾರವೇ ಆ ಕಿಟಕಿಗೆ ಮತ್ತೊಬ್ಬರ ಪರದೆ ಬರುತ್ತದೆ. ಹಳ್ಳಿಯಲ್ಲಿ ಹುಟ್ಟಿದವನು ಎಲ್ಲಿಗೆ ಹೋದರೂ ಹಬ್ಬಕ್ಕೋ ತೇರಿಗೋ ಮರಳಬಹುದಾದ ಒಂದು ಜಗಲಿ ಇರುತ್ತದೆ. ನಮಗೆ ಅದಿಲ್ಲ. ಹತ್ತಿರದ ಸರೋಜಿನಿ ನಗರ, ನೇತಾಜಿ ನಗರಗಳಲ್ಲಂತೂ ಹಳೆಯ ಮನೆಗಳನ್ನೇ ಕೆಡವಿ ಗಗನಚುಂಬಿ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ಅಲ್ಲಿ ಬೆಳೆದ ಮಕ್ಕಳಿಗೆ ತೋರಿಸಿಕೊಳ್ಳಲು ಗೋಡೆಯೂ ಉಳಿಯಲಿಲ್ಲ. ಹೀಗೆ ನಾವು ಐವರೂ ಚದರಿದೆವು. ಒಬ್ಬನು ಹುಬ್ಬಳ್ಳಿಯಲ್ಲಿ ವೈದ್ಯನಾದನು, ಒಬ್ಬನು ಬೆಂಗಳೂರಿಗೆ, ಒಬ್ಬನು ಸಿಂಗಾಪುರಕ್ಕೆ ಹೋದನು. ಮದುಮಗನು ತಂದೆಯ ನಿವೃತ್ತಿಯ ಬಳಿಕ ತಾಯ್ತಂದೆಗಳೊಡನೆ ದ್ವಾರಕಾ ಉಪನಗರವನ್ನು ಸೇರಿದನು. ಕೆಲವು ವರ್ಷಗಳಲ್ಲಿ ತಂದೆ ತೀರಿಕೊಂಡರು. ನಾನೊಬ್ಬನು ಮಾತ್ರ ಸರ್ಕಾರದ ಸೇವೆಗೆ ಸೇರಿದ ದೈವಯೋಗದಿಂದ ಅದೇ ಲೋಧಿ ಕಾಲೋನಿಯಲ್ಲಿ, ಬೇರೊಂದು ಬ್ಲಾಕಿನಲ್ಲಿ, ಮನೆ ಪಡೆದು ಮರಳಿದೆ.

ಆದ್ದರಿಂದ ಸಂಚು ನನ್ನ ಮನೆಯಲ್ಲಿಯೇ ನಡೆಯಬೇಕಾಯಿತು. ಮದುವೆ ಮಾಘದಲ್ಲಿ ನಿಶ್ಚಯವಾಗಿತ್ತು. ಧನುರ್ಮಾಸ ಕಾಲಿಡುವ ಮುನ್ನ, ಮಾರ್ಗಶಿರದ ಹುಣ್ಣಿಮೆಯ ಆಸುಪಾಸಿನಲ್ಲಿ ಹೊರಡುವುದೆಂದು ನಾವು ನಾಲ್ವರು ತಿಂಗಳ ಮೊದಲೇ ಗೊತ್ತುಮಾಡಿಕೊಂಡೆವು. ಅವನ ರಜೆಯ ಏರ್ಪಾಡನ್ನು ತಂಗಿ ನೋಡಿಕೊಂಡಳು. ಮದುಮಗಳಿಗೂ ಗುಟ್ಟು ತಿಳಿದಿತ್ತು. ಅವಳ ಅಜ್ಜಿ ಅಂಕೋಲೆಯ ಕಡೆಯವರಾದ್ದರಿಂದ, ಬರುವಾಗ ಸಾಣೀಕಟ್ಟೆಯ ಉಪ್ಪನ್ನು ಒಂದು ಸೇರಾದರೂ ತನ್ನಿ, ಹೊಸ ಮನೆಗೆ ಮೊದಲು ಅದೇ ಹೋಗಲಿ ಎಂದು ಹೇಳಿಕಳುಹಿಸಿದ್ದಳು. ಹೊರಡುವ ಮುನ್ನಾದಿನ ಮದುಮಗನು, ಮರುದಿನ ಮುಂಜಾನೆ ರೈಲಿನಲ್ಲಿ ಬರುವ ನನ್ನ ವೃದ್ಧ ಸೋದರಮಾವನವರ ಸಾಮಾನನ್ನು ಇಳಿಸಲು ನೆರವಾಗಬೇಕೆಂಬ ನನ್ನ ಮಾತನ್ನು ನಂಬಿ, ನನ್ನಲ್ಲಿ ಮಲಗಲು ಬಂದನು. ಅವನು ಬರುವುದಕ್ಕೆ ಮೊದಲೇ ಅವನ ತಾಯಿ ಬಂದು ಚೀಲವೊಂದನ್ನು ಒಪ್ಪಿಸಿ ಹೋಗಿದ್ದರು. ಚೀಲದ ಪಕ್ಕದಲ್ಲಿ ಬಾಗಿದ ಮರದ ಹಿಡಿಕೆಯ ಒಂದು ಹಳೆಯ ಕಪ್ಪು ಛತ್ರಿಯಿತ್ತು.

“ಮಳೆಗಾಲ ಅಲ್ಲವಲ್ಲಮ್ಮಾ” ಎಂದೆ.

“ಇರಲಿ ಬಿಡಪ್ಪಾ. ಅವರ ಕಾಶೀಯಾತ್ರೆಗೆ ಹಿಡಿದಿದ್ದು ಇದೇ ಛತ್ರಿ. ಇವನದಕ್ಕೂ ಇದನ್ನೇ ಇಟ್ಟಿದೀನಿ. ಅದಕ್ಕೆ ಮುಂಚೆ ಒಂದು ಸಲ ನಿಜವಾದ ಯಾತ್ರೆ ಮಾಡಿಕೊಂಡು ಬರಲಿ” ಎಂದರು. ಅವರು ಸೆರಗಿನಿಂದ ಅದರ ಹಿಡಿಕೆಯನ್ನು ಒರೆಸಿದ ರೀತಿ ಇನ್ನೂ ನನ್ನ ಕಣ್ಣ ಮುಂದಿದೆ.

ನಿಜಾಮುದ್ದೀನ್ ನಿಲ್ದಾಣ ನಮ್ಮಲ್ಲಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಬೆಳಗಿನ ಜಾವದ ಮಂಜಿನಲ್ಲಿ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ನಿಂತಿತ್ತು. ಸೋದರಮಾವನವರನ್ನು ಹುಡುಕುತ್ತ ಡಬ್ಬಿಯನ್ನೇರಿದ ಮದುಮಗನಿಗೆ ಕಿಟಕಿಯ ಪಕ್ಕದಲ್ಲಿ ಕಂಡದ್ದು ಆರು ವರ್ಷಗಳಿಂದ ಕಾಣದಿದ್ದ ಸಿಂಗಾಪುರದ ಗೆಳೆಯ. ಒಂದು ಕ್ಷಣ ಅವನು ಮಾತಾಡಲಿಲ್ಲ. ಆಮೇಲೆ ನನ್ನ ಹೆಗಲಲ್ಲಿದ್ದ ತನ್ನ ಚೀಲವನ್ನೂ, ಅದರೊಡನಿದ್ದ ಛತ್ರಿಯನ್ನೂ ನೋಡಿ, ಎಲ್ಲವನ್ನೂ ಗ್ರಹಿಸಿದವನಂತೆ ಮೆಲ್ಲನೆ ಕುಳಿತುಕೊಂಡನು. ಗಾಡಿ ಹೊರಟಿತು. ಗೋವೆಗೆ ಕರೆದೊಯ್ಯುತ್ತಿದ್ದೇವೆಂದು ಅವನು ತಾನಾಗಿಯೇ ಊಹಿಸಿದನು. ಆ ಊಹೆಯನ್ನು ನಾವು ತಿದ್ದಲಿಲ್ಲ.

ವಿಮಾನದಲ್ಲಿ ಎರಡೂವರೆ ಗಂಟೆಗಳಲ್ಲಿ ಮುಗಿಯುವ ದಾರಿಯನ್ನು ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಹಿಡಿಯುವ ರೈಲಿನಲ್ಲಿ ಕ್ರಮಿಸುವುದೇಕೆಂದು ಕೇಳುವವರುಂಟು. ಹಳೆಯ ಸ್ನೇಹಿತರಿಗೆ ಮಾತು ಕೂಡಲೇ ಬರುವುದಿಲ್ಲವೆಂಬುದೇ ನನ್ನ ಉತ್ತರ. ಮಥುರೆಯವರೆಗೆ ಸಂಬಳ, ಬಾಡಿಗೆ, ಆರೋಗ್ಯ. ಝಾನ್ಸಿಯವರೆಗೆ ಶಾಲೆಯ ಮಾಸ್ತರರ ನೆನಪು. ಭೋಪಾಲ ದಾಟಿ, ನರ್ಮದೆಯ ಸೇತುವೆಯ ಮೇಲೆ ಗಾಡಿ ಗುಡುಗಿದ ಬಳಿಕವಷ್ಟೇ ಮದುಮಗನು ತನ್ನ ತಂದೆಯ ಕಡೆಯ ದಿನಗಳ ಮಾತನ್ನು ಎತ್ತಿದನು. ಅಷ್ಟು ದೂರದ ಕಬ್ಬಿಣದ ಹಾದಿ ಸವೆಯದೆ ಆ ಮಾತು ಹೊರಬರುತ್ತಿರಲಿಲ್ಲ.

ಎರಡನೆಯ ದಿನ ಪನ್ವೇಲನ್ನು ದಾಟಿದ ಮೇಲೆ ಕೊಂಕಣದ ರೈಲುಮಾರ್ಗ ತೊಡಗುತ್ತದೆ. ಈ ಮಾರ್ಗದ ಮಹತ್ತ್ವವನ್ನು ಒಂದು ಮಾತಿನಲ್ಲಾದರೂ ಹೇಳದೆ ಮುಂದುವರಿಯಲಾರೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ, ನಡುವೆ ಕಡಲಿಗೆ ಧಾವಿಸುವ ಲೆಕ್ಕವಿಲ್ಲದ ಹೊಳೆಗಳು. 1990ರಲ್ಲಿ, ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಸಚಿವರಾಗಿದ್ದಾಗ ಇದಕ್ಕೆಂದೇ ಒಂದು ನಿಗಮ ರಚಿತವಾಗಿ, ಇ. ಶ್ರೀಧರನ್ನರ ಮುಂದಾಳುತನದಲ್ಲಿ ಕೆಲಸ ನಡೆದು, 1998ರ ಜನವರಿ 26ರಂದು ಮಾರ್ಗವು ರಾಷ್ಟ್ರಕ್ಕೆ ಸಮರ್ಪಿತವಾಯಿತು. ರತ್ನಾಗಿರಿಯ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು ಉದ್ದ. ಪಾನ್ವಲ್ ಹೊಳೆಯ ಮೇಲಿನ ಸೇತುವೆ 64 ಮೀಟರು ಎತ್ತರ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯದಿಂದ ಗಾಡಿಗಳು ಬೇರೆ ವೇಳಾಪಟ್ಟಿಯಂತೆ, ವೇಗ ತಗ್ಗಿಸಿ ನಡೆಯುತ್ತವೆ. ದಿಲ್ಲಿಯ ಕನ್ನಡಿಗರ ಪಾಲಿಗೆ ಇದು ಕಾರವಾರ, ಕುಮಟೆ, ಉಡುಪಿಗಳನ್ನು ಮನೆಯ ಹತ್ತಿರಕ್ಕೆ ತಂದ ಮಾರ್ಗ.

ಮಡಗಾಂವ್ ಬಂದಿತು. ಮದುಮಗನು ಚೀಲವನ್ನಿಳಿಸಿಕೊಂಡು ಬಾಗಿಲ ಬಳಿ ನಿಂತನು. ನಾವಿಬ್ಬರು ಕುಳಿತ ಕಡೆಯಿಂದ ಏಳಲಿಲ್ಲ. ಗಾಡಿ ಮತ್ತೆ ಚಲಿಸತೊಡಗಿದಾಗ ಅವನು ಹಿಂತಿರುಗಿ ನೋಡಿದ ನೋಟದಲ್ಲಿ ಗಾಬರಿಯೂ ಪ್ರಶ್ನೆಯೂ ಕೂಡಿದ್ದವು. ಸ್ವಲ್ಪ ಹೊತ್ತಿನಲ್ಲಿ ಗೋವೆಯ ಗಡಿ ಕಳೆಯಿತು. ನಿಲ್ಲದೆ ಓಡಿದ ಪುಟ್ಟ ನಿಲ್ದಾಣವೊಂದರ ಹಳದಿ ಫಲಕ ಕಿಟಕಿಯ ಮುಂದೆ ಸರಿಯಿತು. ಅದರ ಮೇಲೆ ‘ಅಸ್ನೋಟಿ’ ಎಂದು ಕನ್ನಡದಲ್ಲಿತ್ತು. ಕರಿಹಲಗೆಯ ಮೇಲೆ ಮಾತ್ರ ಕಲಿತ ಲಿಪಿ ಒಂದು ಊರಿನ ಹೆಸರಾಗಿ ನೆಲದಲ್ಲಿ ನೆಟ್ಟುನಿಂತುದನ್ನು ನೋಡಿ ಅವನು, ಎಳೆಯ ಮಕ್ಕಳು ಅಂಗಡಿಯ ಫಲಕಗಳನ್ನು ಓದುವಂತೆ, ಗಟ್ಟಿಯಾಗಿ ಓದಿದನು. ಬೆನ್ನಲ್ಲಿಯೇ ಗಾಡಿ ಒಂದು ವಿಶಾಲವಾದ ನದಿಯನ್ನು ದಾಟಿತು. “ಕಾಳಿ” ಎಂದೆ ನಾನು. “ಕಾಳಿ” ಎಂದನು ಅವನೂ, ನಾಲಗೆಯನ್ನು ಮಡಿಸಿ, ಮೇಡಂ ಕೇಳಿದ್ದರೆ ಸಂತೋಷಪಡುವಷ್ಟು ಸ್ಪಷ್ಟವಾಗಿ. ಕಾರವಾರದ ಪ್ಲಾಟ್‌ಫಾರಮ್ಮಿನಲ್ಲಿ ಹುಬ್ಬಳ್ಳಿಯವನೂ ಬೆಂಗಳೂರಿನವನೂ ಕಾಯುತ್ತಿದ್ದರು. ಅವರಿಬ್ಬರು ಬರುವ ವಿಷಯವನ್ನು ನಾವು ದಾರಿಯುದ್ದಕ್ಕೂ ಬಾಯಿಬಿಟ್ಟಿರಲಿಲ್ಲ. ಮದುಮಗನು ಛತ್ರಿಯನ್ನು ನೆಲಕ್ಕೆ ಊರಿಕೊಂಡು, ತಲೆ ತಗ್ಗಿಸಿ, ಸ್ವಲ್ಪ ಹೊತ್ತು ಹಾಗೆಯೇ ನಿಂತನು. ಯಾರೂ ಅವನನ್ನು ಅವಸರಪಡಿಸಲಿಲ್ಲ.

ಕಾರವಾರವನ್ನು ನಾವು ಆರಿಸಿದ್ದಕ್ಕೆ ಒಂದು ಕಾರಣವಿತ್ತು. 1883ರಲ್ಲಿ, ಇಪ್ಪತ್ತೆರಡು ವರ್ಷ ವಯಸ್ಸಿನ ಅವಿವಾಹಿತ ತರುಣನೊಬ್ಬನು ತನ್ನವರೊಡನೆ ಈ ಊರಿಗೆ ಬಂದು ಕೆಲವು ತಿಂಗಳು ತಂಗಿದ್ದನು. ರವೀಂದ್ರನಾಥ ಠಾಕೂರರೇ ಆ ತರುಣ. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು, ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. ರೈಲಿಲ್ಲ, ಬರುವುದು ಹೋಗುವುದು ಹಡಗಿನಲ್ಲಿ. ಬೆಟ್ಟಗಳು ಸುತ್ತುವರಿದ ಅರ್ಧಚಂದ್ರಾಕಾರದ ತೀರವನ್ನೂ ದಡದ ಗಾಳಿಮರಗಳನ್ನೂ, ಒಂದು ಬೆಳದಿಂಗಳಿರುಳು ಸಣ್ಣ ದೋಣಿಯಲ್ಲಿ ಕಾಳಿನದಿಯ ಮೇಲ್ಮುಖವಾಗಿ ಹೋಗಿ, ಶಿವಾಜಿಯದೆಂದು ಹೇಳುವ ಗಿರಿದುರ್ಗವೊಂದರ ಬಳಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಉಂಡು, ಇಳಿತದ ನೀರಿನೊಡನೆ ದೋಣಿಯನ್ನು ತೇಲಬಿಟ್ಟು ಮರಳಿದ್ದನ್ನೂ ಅವರು ‘ಜೀವನಸ್ಮೃತಿ’ಯಲ್ಲಿ ಎಷ್ಟೋ ವರ್ಷಗಳ ಬಳಿಕ ಕಣ್ಣಿಗೆ ಕಟ್ಟುವಂತೆ ನೆನೆದಿದ್ದಾರೆ.

ಕಾರವಾರದಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಸಕಲ ಬಂಧಗಳನ್ನೂ ಕತ್ತರಿಸಿಕೊಂಡು ಅನಂತವನ್ನು ಗೆಲ್ಲಬೇಕೆಂದು ಹೊರಟ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಪ್ರೀತಿ ಲೋಕಕ್ಕೆ ಮರಳಿ ಕರೆತರುವುದು ಅದರ ವಸ್ತು. ಅಲ್ಪದಲ್ಲಿಯೇ ಅನಂತವಿದೆ, ಪ್ರೀತಿಯಲ್ಲಿಯೇ ಬಿಡುಗಡೆಯಿದೆ ಎಂಬುದು ಆ ಸಂನ್ಯಾಸಿಗೆ ಕಡೆಗೆ ಹೊಳೆಯುವ ಸತ್ಯ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆಯಂತಿತ್ತೆಂದು ಕವಿಗಳೇ ಹೇಳಿಕೊಂಡಿದ್ದಾರೆ. ಕಾರವಾರದಿಂದ ಮರಳಿದ ಸ್ವಲ್ಪ ಕಾಲದಲ್ಲಿಯೇ, ಅದೇ ವರ್ಷದ ಡಿಸೆಂಬರ್ 9ರಂದು, ಅವರ ಮದುವೆಯಾಯಿತು. ಮದುವೆಗೆ ಮುಂಚಿನ ಕಡಲಯಾತ್ರೆಯಲ್ಲಿ, ಕಾಶಿಯ ಹಾದಿ ಹಿಡಿದವನನ್ನು ಪ್ರೀತಿ ಹಿಂದಕ್ಕೆ ಕರೆತಂದ ಕಥೆಯನ್ನೇ ಕವಿಯೊಬ್ಬರು ಬರೆದರೆಂಬುದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನಿದ್ದೆ. ನಮ್ಮ ಛತ್ರಗಳಲ್ಲಿ ಐದು ನಿಮಿಷದಲ್ಲಿ ಮುಗಿಯುವ ವಿಧಿಯ ಅರ್ಥ ಅಷ್ಟು ವಿಸ್ತಾರವಾಗಿ ಬೇರೆಲ್ಲಿಯೂ ನನಗೆ ದೊರೆತಿಲ್ಲ. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರಿದೆ.

ಮರುದಿನ ಸಂಜೆ ಹುಬ್ಬಳ್ಳಿಯ ವೈದ್ಯನಿಗೆ ಪರಿಚಿತನಾದ ಅಂಬಿಗನೊಬ್ಬನು ನಮ್ಮನ್ನು ಕಾಳಿಯಲ್ಲಿ ಕರೆದೊಯ್ದನು. ಚಂದ್ರನು ಗುಡ್ಡದ ಹಿಂದಿನಿಂದ ಬಂದನು. ಹಿನ್ನೀರಿನ ವಾಸನೆ, ದಡದಲ್ಲಿ ಬಳಚು ಹೆಕ್ಕುವವರು ಬಿಟ್ಟುಹೋದ ಚಿಪ್ಪುಗಳ ರಾಶಿ, ದೂರದ ಸೇತುವೆಯ ಮೇಲೆ ಲಾರಿಗಳ ಸಾಲು. ಅಂಬಿಗನು ಹುಟ್ಟುಹಾಕುವುದನ್ನು ನಿಲ್ಲಿಸಿ ಬೀಡಿ ಹಚ್ಚಿಕೊಂಡು, “ಯಾವೂರಾಯ್ತ್ರಾ ನಿಮ್ದು?” ಎಂದು ಕೇಳಿದನು.

“ದಿಲ್ಲಿ” ಎಂದನು ಮದುಮಗ.

“ಅದು ಕೆಲ್ಸದ ಊರು. ಮನೆ ಊರು ಯಾವ್ದು?”

ಇಷ್ಟು ಸರಳವಾದ ಪ್ರಶ್ನೆಗೆ ಐವರೂ ಕೂಡಲೇ ಉತ್ತರ ಕೊಡಲಾರದೆ ಹೋದೆವು. ಮದುಮಗನ ಅಜ್ಜ ಹಾವೇರಿಯ ಕಡೆಯವರು. ಆ ಮನೆ ಮಾರಿ ನಲವತ್ತು ವರ್ಷವಾಗಿದೆ, ಅವನು ಅದನ್ನು ಕಂಡಿಲ್ಲ. ನನ್ನ ಅಜ್ಜಿಯ ಹಳ್ಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ದಸ್ತಾವೇಜುಗಳಲ್ಲಿ ಬರೆಯುವ ಊರುಗಳು ನಮಗಿವೆ, ಕಾಲಿಟ್ಟರೆ ಗುರುತು ಹಿಡಿಯುವ ಊರಿಲ್ಲ. ಕಡೆಗೆ ಮದುಮಗನೇ, “ಲೋಧಿ ಕಾಲೋನಿ” ಎಂದನು. ಅಂಬಿಗನಿಗೆ ಆ ಹೆಸರು ತಿಳಿಯದು. “ಅಲ್ಲಿ ಯಾರಿದ್ರು?” ಎಂದು ಕೇಳಿದನು. ಮದುಮಗನು ನಮ್ಮ ನಾಲ್ವರ ಕಡೆಗೆ ಕೈ ತೋರಿಸಿ, “ಇವ್ರು” ಎಂದನು. “ಹಂಗಾದ್ರೆ ಆಯ್ತಲ್ರಾ” ಎಂದು ಅಂಬಿಗನು ಮತ್ತೆ ಹುಟ್ಟನ್ನು ಹಿಡಿದನು.

ನಾನು ಈ ಲೇಖನವನ್ನು ಬರೆಯಲು ತೊಡಗಿದ್ದು ಆ ಮಾತಿಗಾಗಿಯೇ. ವರನ ಕಡೆಯವರೆಂದರೆ ವಂಶವೃಕ್ಷದಲ್ಲಿ ಬರುವವರಷ್ಟೇ ಅಲ್ಲ. ಊರನ್ನು ಕಳೆದುಕೊಂಡವನಿಗೆ ಅವನ ಬಾಲ್ಯವನ್ನು ಬಲ್ಲ ಸ್ನೇಹಿತರೇ ಊರು. ಹೊಸ ಮನೆ ಕಟ್ಟುವುದಕ್ಕೆ ಮುಂಚೆ ಅವನು ಒಮ್ಮೆ ತನ್ನ ಊರಿಗೆ ಹೋಗಿಬರುವುದು ಉಚಿತ, ಆ ಊರು ಮೂರು ದಿನ ಒಂದು ಕಡಲತೀರದಲ್ಲಿ ಕೂಡಿದ್ದರೂ ಸರಿಯೇ.

ಕಾರವಾರದಿಂದ ಮುಂದೆ ನಾವು ಹೋದದ್ದು ಗೋಕರ್ಣಕ್ಕೆ, ದಕ್ಷಿಣದಲ್ಲಿ ಸುಮಾರು 60 ಕಿಲೋಮೀಟರು. ಗಂಗಾವಳಿ ಮತ್ತು ಅಘನಾಶಿನಿ ನದಿಗಳ ನಡುವೆ, ಗೋವಿನ ಕಿವಿಯ ಆಕಾರದ ನೆಲದಲ್ಲಿರುವ ಈ ಕ್ಷೇತ್ರಕ್ಕೆ ಭೂಕೈಲಾಸವೆಂದೂ ದಕ್ಷಿಣಕಾಶಿಯೆಂದೂ ಹೆಸರು. ಆದ್ದರಿಂದ ಕಾಶಿಗೆ ಹೊರಟವನನ್ನು ಇಲ್ಲಿಗೆ ತಂದುದರಲ್ಲಿ ವಚನಭಂಗವೇನೂ ಆಗಲಿಲ್ಲವೆಂಬುದು ನನ್ನ ಸಮಾಧಾನ. ರಾವಣನು ತಪಸ್ಸಿನಿಂದ ಪಡೆದ ಆತ್ಮಲಿಂಗವನ್ನು ಲಂಕೆಗೆ ಒಯ್ಯುತ್ತಿದ್ದಾಗ, ಸಂಧ್ಯಾವಂದನೆಗೆಂದು ವಟುವೇಷದ ಗಣಪತಿಯ ಕೈಗಿತ್ತದ್ದು, ವಟುವು ಮೂರು ಸಲ ಕೂಗಿ ಅದನ್ನು ನೆಲಕ್ಕಿಟ್ಟದ್ದು ಮನೆಮನೆಯ ಕಥೆ. ಕಾಳಿದಾಸನೂ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ದಕ್ಷಿಣ ಸಮುದ್ರದ ತಡಿಯ ಈ ಗೋಕರ್ಣವನ್ನು ಹೆಸರಿಸುತ್ತಾನೆ: ಗೋಕರ್ಣನಾಥನ ಸನ್ನಿಧಿಗೆ ಹೊರಟ ನಾರದನ ವೀಣೆಯಿಂದ ಜಾರಿದ ಹೂಮಾಲೆ ತಗುಲಿ ಇಂದುಮತಿ ಪ್ರಾಣ ಬಿಡುತ್ತಾಳೆ; ಅವಳಿಗಾಗಿ ಅಜನು ಅತ್ತ ಅಳುವಿನಷ್ಟು ಕೋಮಲವಾದ ದಾಂಪತ್ಯದ ಚಿತ್ರ ನಮ್ಮ ಕಾವ್ಯಗಳಲ್ಲಿ ವಿರಳ.

ಇಲ್ಲಿನ ಕ್ರಮವೆಂದರೆ ಮೊದಲು ಸಮುದ್ರಸ್ನಾನ, ಬಳಿಕ ಮಹಾಗಣಪತಿಯ ದರ್ಶನ, ಅನಂತರ ಮಹಾಬಲೇಶ್ವರ. ಸ್ನಾತಕನಾಗಬೇಕಾದವನಿಗೆ ಇದಕ್ಕಿಂತ ಒಪ್ಪುವ ಕ್ರಮ ಉಂಟೆ? ಆದರೆ ಸಮುದ್ರವು ಕೊಳವಲ್ಲ. ಬಯಲುಸೀಮೆಯಿಂದಲೂ ದಿಲ್ಲಿಯಿಂದಲೂ ಬರುವ ತರುಣರು ಇದನ್ನು ಮರೆತು ಪ್ರಾಣಕ್ಕೆ ಎರವಾಗುವುದನ್ನು ಈ ಕರಾವಳಿ ಪ್ರತಿ ಋತುವಿನಲ್ಲಿಯೂ ನೋಡುತ್ತಿದೆ. ಅಲೆಗಳು ದಡಕ್ಕೆ ತಂದ ನೀರು ಎಲ್ಲಿಯಾದರೂ ಹಿಂತಿರುಗಲೇಬೇಕು. ಅದು ತಗ್ಗಾದ ಒಂದು ಕಾಲುವೆಯನ್ನು ಹಿಡಿದು ರಭಸದಿಂದ ಒಳಕ್ಕೆ ಸರಿಯುತ್ತದೆ. ಆ ಕಾಲುವೆಯ ಮೇಲೆ ಅಲೆ ಒಡೆಯುವುದು ಕಡಿಮೆಯಾದ್ದರಿಂದ, ಅರಿಯದವನ ಕಣ್ಣಿಗೆ ಅದೇ ಎಲ್ಲಕ್ಕಿಂತ ಶಾಂತವಾದ ಜಾಗವಾಗಿ ತೋರುತ್ತದೆ. ಸೆಳೆತಕ್ಕೆ ಸಿಕ್ಕಿದವನು ದಡಕ್ಕೆ ಎದುರಾಗಿ ಈಜಿ ಬಸವಳಿಯಬಾರದು. ತೇಲುತ್ತ, ಕೈಯೆತ್ತಿ ಕೂಗುತ್ತ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದು, ಸೆಳೆತ ಸಡಿಲವಾದ ಮೇಲೆ ತೀರದತ್ತ ತಿರುಗಬೇಕು. ಗೋಕರ್ಣದ ಕುಡ್ಲೆಯ ತೀರದಲ್ಲಿ ನಮ್ಮ ಬೆಂಗಳೂರಿನ ಗೆಳೆಯನು ಇಂತಹ ಶಾಂತವಾದ ನೀರನ್ನೇ ಆರಿಸಿಕೊಂಡು ಸೊಂಟದವರೆಗೆ ಇಳಿದಾಗ ಜೀವರಕ್ಷಕನ ಸೀಟಿ ಕೇಳಿಸಿತು. ಆ ಯುವಕನು ಓಡಿಬಂದು, ಬೈಯದೆ, ಮರಳಿನ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿ, ನಾವು ಮೀಯಬಹುದಾದ ಜಾಗಕ್ಕೆ ತಾನೇ ಕರೆದೊಯ್ದನು. ಮೇಲೆ ಬರೆದ ವಿವರವೆಲ್ಲ ಅವನು ಕಲಿಸಿದ ಪಾಠ. ಮದ್ಯ ಕುಡಿದು ನೀರಿಗಿಳಿಯುವವರನ್ನು ತಡೆಯುವುದೇ ತನಗೆ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ಹೇಳುವಾಗ ಅವನ ಮುಖದಲ್ಲಿ ಕಂಡ ದಣಿವನ್ನು, ಇಂತಹ ಯಾತ್ರೆಗಳಿಗೆ ಹೊರಡುವ ಪ್ರತಿಯೊಬ್ಬರೂ ಒಮ್ಮೆ ಕಾಣಬೇಕು.

ಐವರೂ ಕೈಹಿಡಿದು ಮೂರು ಸಲ ಮುಳುಗಿದೆವು. ಮಧ್ಯಾಹ್ನದ ಬಿಸಿಲಿಗೆ ಮದುಮಗನು ತಂದೆಯ ಛತ್ರಿಯನ್ನು ಬಿಚ್ಚಿ ಮರಳಿಗೆ ನೆಟ್ಟನು. ಅದರ ಕಿರುನೆರಳಿನಲ್ಲಿ ಐದು ತಲೆಗಳನ್ನು ಹೇಗೋ ಸೇರಿಸಿ ಮಲಗಿಕೊಂಡು ಮುರುಗಲು ಹಣ್ಣಿನ ಪಾನಕ ಕುಡಿದೆವು. ಸಂಜೆ ಪಂಚೆಯುಟ್ಟು, ಬರಿಮೈಯಲ್ಲಿ, ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಸರದಿಯಂತೆ ಕುಳಿತೆವು. ಪೀಠದ ನಡುವಣ ಕಿರುರಂಧ್ರದಲ್ಲಿ ಬೆರಳಿಟ್ಟು ಲಿಂಗವನ್ನು ಮುಟ್ಟಿದಾಗ ತಣ್ಣನೆಯ ಒದ್ದೆ ಕಲ್ಲಿನ ಸ್ಪರ್ಶವಾಯಿತು. ಕಣ್ಣಿಗೆ ಕಾಣಿಸದ್ದನ್ನು ಬೆರಳ ತುದಿಯಿಂದ ಮಾತ್ರ ಅರಿಯಬೇಕಾದ ಆ ಕ್ಷಣದಲ್ಲಿ ಅವನು ಏನು ಬೇಡಿಕೊಂಡನೋ ನಾನು ಕೇಳಲಿಲ್ಲ.

ಸಾಣೀಕಟ್ಟೆ ಗೋಕರ್ಣದಿಂದ ಕೂಗಳತೆಯಲ್ಲಿದೆಯೆನ್ನಬೇಕು. ಅಘನಾಶಿನಿಯ ಉಬ್ಬರದ ನೀರನ್ನು ಚೌಕಚೌಕವಾದ ಗದ್ದೆಗಳಿಗೆ ಹಾಯಿಸಿ, ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುವ ಆಗರಗಳು ಅಲ್ಲಿ ಕಣ್ಣು ಹರಿಯುವವರೆಗೂ ಹರಡಿವೆ. ನಾವು ಹೋದಾಗ ಉಪ್ಪಿನ ಕಾಲ ಇನ್ನೂ ತೊಡಗಿರಲಿಲ್ಲ. ಮಳೆಗೆ ಕೆಟ್ಟ ಬದುಗಳನ್ನು ಸರಿಪಡಿಸುತ್ತಿದ್ದರು. ಹಿಂದಿನ ವರ್ಷದ ಉಪ್ಪು ದೊರೆಯಿತು. ದೊಡ್ಡ ಹರಳುಗಳು, ಮಾಸಲು ಬಿಳುಪು, ಕೈಯಲ್ಲಿ ಹಿಡಿದರೆ ಸ್ವಲ್ಪ ತೇವ. 1930ರ ಏಪ್ರಿಲಿನಲ್ಲಿ ಇದೇ ಕರಾವಳಿಯ ಅಂಕೋಲೆಯಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದಾಗ ಜನ ಮುಷ್ಟಿಯಲ್ಲೆತ್ತಿದ್ದು ಇಂತಹ ಕಡಲುಪ್ಪನ್ನೇ. ಮದುಮಗಳ ಸಂದೇಶವನ್ನು ನಾವು ಅವನಿಗೆ ಅಲ್ಲಿ ತಿಳಿಸಿದೆವು. ಅವಳಿಗೂ ಎಲ್ಲ ಗೊತ್ತಿತ್ತೆಂದು ಅರಿತಾಗ ಅವನು ಮನಸಾರೆ ನಕ್ಕನು; ಉಪ್ಪಿನ ಗಂಟನ್ನು ಬೇರೊಬ್ಬರ ಕೈಗೆ ಕೊಡದೆ ದಿಲ್ಲಿಯವರೆಗೂ ತಾನೇ ಹೊತ್ತು ತಂದನು.

ಮಾಘದ ಶೀತದಲ್ಲಿ ದಿಲ್ಲಿಯ ಛತ್ರವೊಂದರಲ್ಲಿ ಮದುವೆ ನಡೆಯಿತು. ಐವರಲ್ಲಿ ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ಕಾಶೀಯಾತ್ರೆಯ ಹೊತ್ತಿಗೆ ಉಪಾಹಾರದ ಪಂಕ್ತಿಯನ್ನು ಬಿಟ್ಟು ಬಂದು ಬಾಗಿಲ ಬಳಿ ನಾವು ನಾಲ್ವರೂ ನಿಂತೆವು. ಕಾಡಿಗೆ ತೀಡಿದ ಕಣ್ಣುಗಳಿಂದ ಮದುಮಗನು ನಮ್ಮತ್ತ ಒಮ್ಮೆ ನೋಡಿದನು. ಅವನ ತಾಯಿ ಛತ್ರಿಯನ್ನು ಕೈಗಿತ್ತರು. ಅದನ್ನು ಬಿಚ್ಚಿದಾಗ ಕಡ್ಡಿಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಕುಡ್ಲೆಯ ಮರಳು ಒಂದು ಹಿಡಿಯಷ್ಟು ಅವನ ರೇಷ್ಮೆಯ ಶಲ್ಯದ ಮೇಲೂ, ಪಕ್ಕದಲ್ಲಿ ನಿಂತ ಭಾವಮೈದುನನ ಹೆಗಲ ಮೇಲೂ ಸುರಿಯಿತು. ತಾಯಿ ಅದನ್ನು ಕೊಡವಲು ಕೈಯೆತ್ತಿದವರು ಹಾಗೆಯೇ ತಡೆದುಕೊಂಡರು. ಮುಹೂರ್ತಕ್ಕೆ ತಡವಾಗುತ್ತಿದೆಯೆಂದು ಪುರೋಹಿತರು ತ್ವರೆಪಡಿಸಿದರು. ಅವನು ಛತ್ರಿಯನ್ನು ನೆಟ್ಟಗೆ ಹಿಡಿದು, ಹೊಸ್ತಿಲಿನಾಚೆಯ ಮಂಜಿನತ್ತ ನಾಲ್ಕು ಹೆಜ್ಜೆ ನಡೆದನು. ಕನ್ಯೆಯ ತಂದೆ ಹಿಂದಿನಿಂದ ಬಂದು ಅವನ ಮೊಣಕೈಯನ್ನು ಹಿಡಿದುಕೊಂಡರು.